ರಜೆ ಬೇಕಾದ್ರೆ ಬದ್ಲಿ ಆಳು ನಾವೇ ಹುಡುಕ್ಬೇಕಂತೆ

ಅಲ್ರೀ, ಮನೇಲಿ ಯಾರಿಗಾದ್ರೂ ಸೀರಿಯಸ್ ಆದಾಗ ನರ್ಸ್ ಆದೋಳು ಮೊದ್ಲು ಮಾಡ್ಬೇಕಾದ ಕೆಲ್ಸ ಏನ್ ಗೊತ್ತಾ, ಬಸ್ ಹಿಡಿಯೋದಲ್ಲ, ತನ್ನ ಡ್ಯೂಟಿಗೆ ಯಾರು ಬರ್ತೀರಿ ಅಂತ ವಾಟ್ಸಾಪ್ ಗ್ರೂಪಲ್ಲಿ ಗೋಗರೆಯೋದು.

ದಾವಣಗೆರೆ ಪಿ.ಜೆ. ಬಡಾವಣೆ ಕಡೆ ಹೋದ್ರೆ ಎಲ್ಲಿ ನೋಡಿದ್ರೂ ನರ್ಸಿಂಗ್ ಹೋಮ್. ಒಳಗೆ ದುಡಿಯೋ ಹುಡುಗೀರು ಜಗಳೂರು, ಹೊನ್ನಾಳಿ, ಮೊಳಕಾಲ್ಮೂರು ಕಡೆಯೋರು, ಇಲ್ಲಿ ಪೇಯಿಂಗ್ ಗೆಸ್ಟ್ ರೂಮಲ್ಲಿ ಇರ್ತಾರೆ. ನೈಟ್ ಡ್ಯೂಟೀಲಿರುವಾಗ ಊರಿಂದ ಫೋನ್ ಬರುತ್ತೆ, ಅಪ್ಪಂಗೆ ಎದೆನೋವು ಅಂತ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದ್ರೆ "ಬದ್ಲಿ ಯಾರನ್ನ ಕೊಡ್ತೀಯಮ್ಮ?" ಅಂತಾರೆ. ಅವ್ರನ್ನೂ ಬೈಯೋಕಾಗಲ್ಲ ಬಿಡಿ, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರೋ ಪೇಷಂಟ್ ಬಿಟ್ಟು ಮುಂದಿನ ನರ್ಸ್‌ಗೆ ಒಪ್ಪಿಸ್ದೆ, ಅಂದ್ರೆ ಹ್ಯಾಂಡೋವರ್ ಕೊಡ್ದೆ ಯಾರೂ ಎದ್ದೋಗಂಗಿಲ್ಲ, ಅದು ನಮಗೂ ಗೊತ್ತು. ಆದ್ರೆ ಮ್ಯಾನೇಜ್‌ಮೆಂಟ್‌ನೋರು ಅಪ್ಪ ಅಡ್ಮಿಟ್ ಆಗಿರೋ ಫೋಟೋ ಕಳ್ಸು ಅಂತಾರಲ್ಲ, ಅದಕ್ಕೆ ಏನನ್ನೋಣ? ಹೋಗಿಬಂದ್ಮೇಲೆ ಸಂಬಳಾನೂ ಕಟ್, ಮೇಲೆ ಡಬಲ್ ಡ್ಯೂಟಿ.

ಸ್ಟಾಫ್ ಶಾರ್ಟೇಜು ಅಂತ ರಾಗ ಎಳೀತಾರೆ. ಶಾರ್ಟೇಜ್ ಮಾಡಿದ್ದು ಯಾರ್ರೀ? ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಜನರಲ್ ವಾರ್ಡಲ್ಲಿ ಐದು ಪೇಷಂಟ್‌ಗೆ ಒಬ್ರು ನರ್ಸು, ಟೀಚಿಂಗ್ ಆಸ್ಪತ್ರೆ ಆದ್ರೆ ಮೂರಕ್ಕೆ ಒಬ್ರು, ಇದ್ರ ಮೇಲೆ ರಜೆಗೆ ಅಂತಾನೇ ಶೇ 30ರಷ್ಟು ಜನ ಜಾಸ್ತಿ ಇಟ್ಕೋಬೇಕು. ಲೀವ್ ರಿಸರ್ವ್ ಅಂತಾರೆ ಅದಕ್ಕೆ. ಅಂದ್ರೆ ನರ್ಸ್‌ಗಳೂ ಮನುಷ್ಯರೇ, ಹುಷಾರು ತಪ್ತಾರೆ, ಅವ್ರ ಮನೇಲೂ ಸಾವು ನೋವು ಆಗುತ್ತೆ ಅಂತ ಮೊದ್ಲೇ ಲೆಕ್ಕ ಹಾಕಿಟ್ಟಿದಾರೆ. ನಮ್ ಕಡೆ ಆ ಮೂವತ್ತು ಹಾಗಿರ್ಲಿ, ಮೊದ್ಲಿನ ಲೆಕ್ಕಾನೇ ತುಂಬಲ್ಲ, ಎರಡು ವಾರ್ಡಿಗೆ ಒಬ್ಳೇ ಓಡಾಡೋದೂ ಉಂಟು.

ಇನ್ನೊಂದು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಕೇಂದ್ರ ಸರ್ಕಾರ ಕಮಿಟಿ ಮಾಡ್ತು, ಪ್ರೈವೇಟ್ ನರ್ಸ್‌ಗಳಿಗೂ ರಜೆ, ಡ್ಯೂಟಿ ಟೈಮು ಸರ್ಕಾರಿ ನರ್ಸ್‌ಗಳ ಥರಾನೇ ಇರ್ಬೇಕು, 50 ಬೆಡ್‌ಗಿಂತ ಸಣ್ಣ ಆಸ್ಪತ್ರೆ ಆದ್ರೂ ತಿಂಗ್ಳಿಗೆ 20,000ಕ್ಕೆ ಕಮ್ಮಿ ಕೊಡಂಗಿಲ್ಲ ಅಂತ ಅದು ಶಿಫಾರಸು ಮಾಡ್ತು. ಶಿಫಾರಸು ಅಷ್ಟೇ. ಈಗಿನ ಹುಡುಗೀರ ಪೇ ಸ್ಲಿಪ್ ಕೇಳಿ ನೋಡಿ, ಸ್ಲಿಪ್ ಅಂತ ಕೊಟ್ಟಿದ್ರೆ.

ಸಣ್ಣ ಆಸ್ಪತ್ರೆಯೋರು ನಮಗೆಲ್ಲಿಂದ ಆಗುತ್ತೆ ಅಂತಾರೆ. ಒಂದ್ ಶಿಫ್ಟಿಗೆ ಒಬ್ರನ್ನ ಆನ್‌ಕಾಲ್, ಅಂದ್ರೆ ಕರೆದ್ರೆ ಬರೋ ಹಾಗೆ ಇಡಿ, ಅವ್ರು ಮನೇಲಿದ್ರೂ ಆ ದಿನಕ್ಕೆ ಏನಾದ್ರೂ ದುಡ್ಡು ಕೊಡಿ. ಆಪರೇಷನ್‌ಗೆ ಅನಸ್ತೇಷಿಯಾ ಡಾಕ್ಟರ್ ಬೇಕಂದ್ರೆ ರಾತ್ರಿ ಎರಡು ಗಂಟೆಗೂ ಫೋನ್ ಮಾಡಿ ಕರೆಸ್ಕೊಳಲ್ವಾ, ಅದಕ್ಕೆ ದುಡ್ಡು ಕೊಡಲ್ವಾ? ನರ್ಸ್ ವಿಷ್ಯಕ್ಕೆ ಬಂದಾಗ ಮಾತ್ರ ಯಾಕ್ರೀ ಕೈ ಮುಂದೆ ಬರಲ್ಲ?