ಮೇರಿ ಡ್ರೆಸ್ಲರ್‌ಗೆ ಅದೃಷ್ಟ ಖುಲಾಯಿಸಿತು ಅನ್ನಬೇಡಿ

ಹಳೇ ಹಾಲಿವುಡ್ ನಟಿ ಮೇರಿ ಡ್ರೆಸ್ಲರ್ ಬಗ್ಗೆ ಎಲ್ಲಿ ಓದಿದರೂ ಕಥೆ ಒಂದೇ. ಕೆಲಸವಿಲ್ಲದೆ ಮೂಲೆ ಸೇರಿದ್ದ ನಟಿಗೆ ಅರವತ್ತು ದಾಟಿದ ಮೇಲೆ ಅದೃಷ್ಟ ಖುಲಾಯಿಸಿತು, ಆಸ್ಕರ್ ಬಂತು. ಆದರೆ ಅವರು ಮೂಲೆ ಸೇರಿದ್ದು ಹೇಗೆ ಅಂತ ಯಾರೂ ಕೇಳಲ್ಲ, ಅಲ್ವಾ?

ಹುಟ್ಟಿದ್ದು 1868ರಲ್ಲಿ, ಕೆನಡಾದ ಕೋಬರ್ಗ್‌ನಲ್ಲಿ. ಹದಿಹರೆಯದಲ್ಲೇ ನಾಟಕ ಕಂಪನಿ ಸೇರಿದರು. ದಪ್ಪ ಮೈ, ಅಗಲ ಮುಖ. ಚೆಲುವೆಯ ಪಾತ್ರ ಯಾರೂ ಕೊಡಲ್ಲ ಅಂತ ಬೇಗ ಗೊತ್ತಾಯಿತು, ಜನರನ್ನು ನಗಿಸೋದನ್ನೇ ಕಸುಬು ಮಾಡಿಕೊಂಡರು. 1910ರಲ್ಲಿ 'ಟಿಲ್ಲೀಸ್ ನೈಟ್‌ಮೇರ್' ನಾಟಕ ಭರ್ಜರಿಯಾಗಿ ಗೆದ್ದಿತು. ಅದರಲ್ಲಿ ಅವರು ಆಡಿದ ಟಿಲ್ಲಿಯನ್ನೇ ಇಟ್ಟುಕೊಂಡು ನಿರ್ದೇಶಕ ಮ್ಯಾಕ್ ಸೆನೆಟ್ 1914ರಲ್ಲಿ ಅವರನ್ನೇ ನಾಯಕಿಯಾಗಿಸಿ ಸಿನಿಮಾ ಮಾಡಿದರು. ಇವತ್ತು ಅದನ್ನು ಎಲ್ಲರೂ ಚಾಪ್ಲಿನ್ ಸಿನಿಮಾ ಅಂತಾರೆ. ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಕಥೆ ಟಿಲ್ಲಿಯದು, ಚಾಪ್ಲಿನ್ ಅದರಲ್ಲಿ ಅವಳ ದುಡ್ಡಿನ ಹಿಂದೆ ಬಿದ್ದ ಮೋಸಗಾರ ಅಷ್ಟೇ.

ಆಮೇಲೆ ಬಂತು 1919ರ ನ್ಯೂಯಾರ್ಕ್ ನಟರ ಮುಷ್ಕರ. ನಾಟಕದಲ್ಲಿ ಗುಂಪಾಗಿ ಹಾಡಿ ಕುಣಿಯುವ ಕೋರಸ್ ಹುಡುಗಿಯರಿಗೆ ವಾರಗಟ್ಟಲೆ ತಾಲೀಮು ನಡೆದರೂ ಕಾಸಿಲ್ಲ. ಡ್ರೆಸ್ಲರ್ ತಾವೂ ಕೋರಸ್‌ನಲ್ಲಿ ನಿಂತು ಮೇಲೆ ಬಂದವರು. ದೊಡ್ಡ ಹೆಸರಿತ್ತು, ಸುಮ್ನೆ ಇರಬಹುದಿತ್ತು. ಇರಲಿಲ್ಲ. ಆ ಹುಡುಗಿಯರ ಸಂಘಕ್ಕೆ ಮೊದಲ ಅಧ್ಯಕ್ಷೆಯಾದರು. ಮುಂದಿನ ವರ್ಷಗಳಲ್ಲಿ ಅವಕಾಶ ಕಮ್ಮಿಯಾಗುತ್ತಾ ಹೋಯಿತು. ವಯಸ್ಸು ಕಾರಣ, ಜನರ ರುಚಿ ಬದಲಾಯಿತು ಅಂತಾರೆ, ಇರಬಹುದು, ಆದರೆ ನಿರ್ಮಾಪಕರ ಎದುರು ಎದೆಯೊಡ್ಡಿ ನಿಂತದ್ದನ್ನು ಲೆಕ್ಕಕ್ಕೇ ತಗೊಳ್ಳದೆ ಬರೀ ವಯಸ್ಸಿನ ಮೇಲೆ ಹಾಕೋದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಮತ್ತೆ ಕೈಹಿಡಿದಿದ್ದು ಅದೃಷ್ಟವಲ್ಲ, ಒಬ್ಬ ಗೆಳತಿ. ಚಿತ್ರಕಥೆಗಾರ್ತಿ ಫ್ರಾನ್ಸಿಸ್ ಮೇರಿಯನ್, ಡ್ರೆಸ್ಲರ್‌ಗಾಗಿಯೇ ಪಾತ್ರ ಬರೆದರು. 1930ರಲ್ಲಿ, ಮೂಕಿ ಚಿತ್ರಗಳ ತಾರೆ ಗ್ರೆಟಾ ಗಾರ್ಬೋ ತೆರೆ ಮೇಲೆ ಮೊದಲ ಸಲ ಮಾತಾಡಿದ 'ಅನ್ನಾ ಕ್ರಿಸ್ಟಿ' ಬಂತು. ಇಡೀ ಅಮೆರಿಕ ಗಾರ್ಬೋ ದನಿ ಕೇಳೋಕೆ ಹೋಯಿತು, ಬರುವಾಗ ಡ್ರೆಸ್ಲರ್ ಆಡಿದ ಹೆಂಡದಂಗಡಿಯ ಮುದುಕಿ ಮಾರ್ಥಿಯನ್ನೂ ತಲೆಯಲ್ಲಿ ತುಂಬಿಕೊಂಡು ಬಂತು. ಅದೇ ವರ್ಷ 'ಮಿನ್ ಅಂಡ್ ಬಿಲ್'. ಅದಕ್ಕೆ ಅತ್ಯುತ್ತಮ ನಟಿ ಆಸ್ಕರ್. ಪೋಷಕ ನಟಿ ಅಂತ ಬೇರೆ ಪ್ರಶಸ್ತಿ ಆಗಿನ್ನೂ ಇರಲೇ ಇಲ್ಲ.

'ಡಿನ್ನರ್ ಅಟ್ ಎಯ್ಟ್' ಸಿನಿಮಾದ ಕೊನೆಯ ನಿಮಿಷ ನೋಡಿ. ಓದಿನ ಗಂಧವೇ ಇಲ್ಲದ ಹೆಣ್ಣಿನ ಪಾತ್ರದಲ್ಲಿ, ಥಳುಕಿನ ಗೌನ್ ತೊಟ್ಟ ಜೀನ್ ಹಾರ್ಲೋ, ಮೊನ್ನೆ ಒಂದು ಪುಸ್ತಕ ಓದ್ತಿದ್ದೆ ಅಂತಾಳೆ. ಪಕ್ಕದಲ್ಲಿ ನಡೆಯುತ್ತಿದ್ದ ಡ್ರೆಸ್ಲರ್ ಗಕ್ಕನೆ ನಿಲ್ಲುತ್ತಾರೆ. ಬರೀ ಹುಬ್ಬಲ್ಲ, ಭುಜ, ಬೆನ್ನು, ಇಡೀ ಮೈ ಮುಗ್ಗರಿಸುತ್ತೆ. ನಲವತ್ತು ವರ್ಷ ಸ್ಟೇಜ್ ಮೇಲೆ ದುಡಿದವರಿಗೆ ಮಾತ್ರ ಬರೋ ವಿದ್ಯೆ ಅದು. ಹಿಂದಿನ ಸಾಲಿನವನಿಗೂ ಕಾಣಬೇಕು, ಅದೂ ಸರಿಯಾದ ಕ್ಷಣಕ್ಕೆ.

1932, 1933 ಎರಡೂ ವರ್ಷ ಅಮೆರಿಕದ ಥಿಯೇಟರ್ ಮಾಲೀಕರ ಪಟ್ಟಿಯಲ್ಲಿ ಜಾಸ್ತಿ ದುಡ್ಡು ತಂದ ತಾರೆ ಇವರೇ. ಗಾರ್ಬೋ ಅಲ್ಲ, ಹಾರ್ಲೋ ಅಲ್ಲ. ಆಗಿನ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳಕೊಂಡು ಕೂತಿದ್ದ ಜನ ಕಾಸು ಕೊಟ್ಟು ಈ ಅಜ್ಜಿಯನ್ನು ನೋಡೋಕೆ ಬಂದರು. ಆ ಜನ ಹತ್ತು ವರ್ಷ ಮೊದಲೂ ಇದ್ದರು, ಇವರೂ ಇದ್ದರು. ಪಾತ್ರ ಕೊಡುವವರು ಇರಲಿಲ್ಲ. 1934ರ ಜುಲೈಯಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಆ ಎರಡನೇ ಇನಿಂಗ್ಸ್‌ಗೆ ಸಿಕ್ಕಿದ್ದು ಬರೀ ನಾಲ್ಕೈದು ವರ್ಷ. ವ್ಯರ್ಥವಾಗಿ ಹೋದ ಇಪ್ಪತ್ತರ ದಶಕ ನೆನೆದರೆ ನನಗೆ ಹೊಟ್ಟೆ ಉರಿಯುತ್ತೆ.