ಐನೂರು ಕೋಟಿ ಆಸ್ತಿ, ಒಂದೇ ಸೋಫಾ

ಮಧ್ಯಾಹ್ನದ ಧಾರಾವಾಹಿಯ ಯಜಮಾನರ ಆಸ್ತಿ ಎಷ್ಟು ಅಂತ ಯಾರನ್ನಾದರೂ ಕೇಳಿ. 500 ಕೋಟಿ ಅಂತಾರೆ. ಹೋದ ವರ್ಷ 200 ಕೋಟಿ ಇತ್ತು. ಮನೆಯಲ್ಲಿ ಸೋಫಾ ಮಾತ್ರ ಆಗಲೂ ಒಂದೇ, ಈಗಲೂ ಒಂದೇ. ಯಜಮಾನರು ಕೂತರೆ ಉಳಿದ ಒಂಬತ್ತು ಜನ ಸಾಲಾಗಿ ನಿಲ್ಲಬೇಕು. ಹಿರಿಯರಿಗೆ ಕೊಡುವ ಗೌರವ ಅಂದುಕೊಂಡು ನಾವೂ ಇಷ್ಟು ದಿನ ಕಣ್ಣು ಒರೆಸಿಕೊಳ್ಳುತ್ತಿದ್ದೆವು.

ಅವರ ಕಂಪನಿಯ ಹೆಸರಿನ ಕೊನೆಗೆ 'ಗ್ರೂಪ್ ಆಫ್ ಇಂಡಸ್ಟ್ರೀಸ್' ಅಂತ ಇರುತ್ತದೆ. ಅದರ ಹೆಡ್ ಆಫೀಸು ಅದೇ ಮನೆಯ ಮಹಡಿ ಮೇಲಿನ ಬೆಡ್‌ರೂಮು. ಮಂಚ ಎತ್ತಿ ಟೇಬಲ್ ಹಾಕಿದ್ದಾರೆ. ಸಿಬ್ಬಂದಿ ಇಬ್ಬರು. ಒಬ್ಬ ಫೈಲ್ ತರುತ್ತಾನೆ, ಇನ್ನೊಬ್ಬ ಆ ಫೈಲ್ ಕದಿಯುತ್ತಾನೆ. ಕೆಲವು ದಿನ ಎರಡೂ ಕೆಲಸವನ್ನು ಒಬ್ಬನೇ ಮಾಡುತ್ತಾನೆ. ಆವತ್ತು ಇನ್ನೊಬ್ಬನ ಕಾಲ್‌ಶೀಟ್ ಇರುವುದಿಲ್ಲ.

ಚಾನೆಲ್ಲಿನ ಬಜೆಟ್ ಇಳಿದಷ್ಟೂ ಪಾತ್ರದ ಆಸ್ತಿ ಏರುತ್ತದೆ. ಬಾಯಲ್ಲಿ ಹೇಳುವ ಕೋಟಿಗೆ ಖರ್ಚಿಲ್ಲ. ತೋರಿಸುವ ಕಾರಿಗೆ ಬಾಡಿಗೆ ಇದೆ. ಅದಕ್ಕೇ ಯಜಮಾನರು ಯಾವಾಗ ನೋಡಿದರೂ ಕಾರಿಂದ ಇಳಿದು ಒಳಗೆ ಬಂದಾಗಿರುತ್ತದೆ. ಹೊರಗೆ ಬಾಗಿಲು ಹಾಕಿದ 'ಧಡ್' ಸದ್ದು ಕೇಳುತ್ತದಲ್ಲ, ಅದೇ ಬೆಂಜ್.

ಬೆಂಗಳೂರಿನ ರಾಜರಾಜೇಶ್ವರಿ ನಗರ, ಕೆಂಗೇರಿ, ನಾಗರಭಾವಿ ಕಡೆ ಹೋದರೆ ಇಂಥ ಶೂಟಿಂಗ್ ಮನೆಗಳು ಸಿಗುತ್ತವೆ. ದಿನದ ಬಾಡಿಗೆ ಲೆಕ್ಕ. ಒಂದು ಚಾನೆಲ್ಲಿನ ಅತ್ತೆ ಇಳಿದು ಬಂದ ಮೆಟ್ಟಿಲಿನಲ್ಲೇ ಇನ್ನೊಂದು ಚಾನೆಲ್ಲಿನ ಅತ್ತೆಯೂ ಇಳಿದಿರಬಹುದು. ಕರ್ಟನ್ ಬಣ್ಣ ಬೇರೆ, ಅಷ್ಟೇ. ಕೆಳಗಿನ ಹಿಂದಿನ ಕೋಣೆಯಂತೂ ಒಂದು ಜಿಲ್ಲಾ ಕೇಂದ್ರಕ್ಕೆ ಸಮ. ಗಾಂಧೀಜಿ ಫೋಟೋ ಹಾಕಿದರೆ ಪೊಲೀಸ್ ಠಾಣೆ. ಸಲೈನ್ ಸ್ಟ್ಯಾಂಡ್ ನಿಲ್ಲಿಸಿದರೆ ಐಸಿಯು. ಎರಡನ್ನೂ ತೆಗೆದು ಕವಡೆ ಹರಡಿದರೆ ಜ್ಯೋತಿಷಿಗಳ ಮನೆ.

ಇಂಥ ಕಡೆ ಕತೆ ಬರೆಯುವವರು ಯಾರು? ಟೈಟಲ್ ಕಾರ್ಡಿನಲ್ಲಿ ರೈಟರ್ ಹೆಸರು ಬರುತ್ತದೆ, ನಿಜ. ಅದನ್ನು ನಂಬಬೇಡಿ. ಕತೆ ಬರೆಯುವವರು ಪ್ರೊಡಕ್ಷನ್ ಮ್ಯಾನೇಜರ್. ಸ್ಟೋರಿ ಡಿಸ್ಕಷನ್ ಅಂತ ಒಂದು ನಡೆಯುತ್ತದೆ. ಅದು ಹೆಚ್ಚು ಕಡಿಮೆ ಹೀಗಿರುತ್ತದೆ ಅಂತ ಊಹಿಸಿಕೊಳ್ಳಿ:

'ರೈಟ್ರೇ, ಮದುವೆ ಸೀನಿಗೆ ಎಷ್ಟು ಜನ?'

'ಒಂದು ಮುನ್ನೂರು ಜನ ಇದ್ರೆ ಚೆನ್ನಾಗಿರತ್ತೆ ಸಾರ್.'

'ಹನ್ನೆರಡು.'

'ಛತ್ರ ಖಾಲಿ ಹೊಡಿಯತ್ತೆ ಸಾರ್.'

'ಹಾಗಾದ್ರೆ ಗುಟ್ಟಾಗಿ ಮದುವೆ ಮಾಡ್ಸಿ. ದೇವಸ್ಥಾನದಲ್ಲಿ. ಪೂಜಾರಿ ಪಾತ್ರ ನಮ್ಮ ಮೇಕಪ್‌ನವರೇ ಮಾಡ್ತಾರೆ.'

'ತಾಳಿ ಕಟ್ಟೋ ಟೈಮಿಗೆ ಹುಡುಗನ ಅಪ್ಪ ಓಡಿ ಬರ್ಬೇಕಲ್ಲ ಸಾರ್?'

'ಅವ್ರ ಕಾಲ್‌ಶೀಟ್ ಮುಗೀತು. ದಾರೀಲಿ ಆಕ್ಸಿಡೆಂಟ್ ಮಾಡ್ಸಿ.'

'ಆಕ್ಸಿಡೆಂಟ್ ತೋರಿಸ್ಬೇಕಾಗತ್ತೆ.'

'ಬ್ರೇಕ್ ಸೌಂಡ್ ಹಾಕಿ ಸಾಕು. ಕಾರು ಯಾರ್ ಕೇಳಿದ್ರು?'

'ಆಮೇಲೆ?'

'ಆಮೇಲೇನು, ಕೋಮಾ.'

ಕೋಮಾ ನಮ್ಮ ಟೀವಿ ಲೋಕದ ಅತಿ ಅಗ್ಗದ ಕಾಯಿಲೆ. ಬೇರೆ ಕಾಯಿಲೆಗೆ ನಟ ಬೇಕು. ಅವರು ಕೆಮ್ಮಬೇಕು, ನರಳಬೇಕು, ಡೈಲಾಗ್ ಹೇಳಬೇಕು. ಕೋಮಾಗೆ ಒಂದು ಬೆಡ್ಡು, ಒಂದು ಕಂಬಳಿ, ತಲೆಗೆ ಒಂದು ಬ್ಯಾಂಡೇಜು ಇದ್ದರೆ ಆಯಿತು. ಕ್ಯಾಮೆರಾ ಸ್ವಲ್ಪ ದೂರ ಇಟ್ಟರೆ ಕಂಬಳಿ ಒಳಗೆ ಲೈಟ್‌ಬಾಯ್ ಮಲಗಿದ್ದರೂ ಗೊತ್ತಾಗುವುದಿಲ್ಲ. ಪಾಪ, ಅವನಿಗೂ ಬೆಳಗಿನ ಜಾವದಿಂದ ನಿದ್ದೆ ಇರುವುದಿಲ್ಲ. ಹೀಗಾಗಿ ಅದೊಂದೇ ದೃಶ್ಯದಲ್ಲಿ ನಟನೆ ಅತ್ಯಂತ ಸಹಜವಾಗಿ ಬರುತ್ತದೆ.

ಸಂಭಾವನೆ ಸ್ವಲ್ಪ ಜಾಸ್ತಿ ಮಾಡಿ ಅಂತ ಕೇಳಿದವರಿಗೆ ಕೋಮಾ ಕೂಡ ಇಲ್ಲ. ಅವರ ಫೋಟೋಗೆ ನೇರವಾಗಿ ಗಂಧದ ಹಾರ. ಪ್ಲಾಸ್ಟಿಕ್ಕಿನದು. ಬಾಡುವುದಿಲ್ಲ, ಮುಂದಿನವರಿಗೂ ಬರುತ್ತದೆ.

ಆದರೆ ಈ ಉದ್ಯಮವನ್ನು ನಿಜವಾಗಿ ಹೊತ್ತು ನಿಂತಿರುವುದು ಮೊಬೈಲ್ ಫೋನು. ಬಜೆಟ್ ಕಡಿಮೆಯಾದ ಮೇಲೆ ಕತೆಯಲ್ಲಿ ದೊಡ್ಡದು ಏನೇ ಆಗಲಿ, ಅದು ಫೋನಿನ ಆಚೆ ತುದಿಯಲ್ಲೇ ಆಗಬೇಕು. 'ಏನು! ಫ್ಯಾಕ್ಟರಿಗೆ ಬೆಂಕಿ ಬಿತ್ತಾ?' ಅಂತ ಯಜಮಾನರು ಕೂಗುತ್ತಾರೆ. ಅಲ್ಲಿಗೆ ಫ್ಯಾಕ್ಟರಿ ಸುಟ್ಟು ಹೋಯಿತು. ಬೆಂಕಿ ಇಲ್ಲ, ಹೊಗೆ ಇಲ್ಲ, ಫ್ಯಾಕ್ಟರಿಯೂ ಇಲ್ಲ. ಮಗ ಅಮೆರಿಕಕ್ಕೆ ಹೋದ ಅಂದರೆ ಮೂರು ವರ್ಷ ಅವನು ಬರೀ ಧ್ವನಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಿಂತು ಮಾತಾಡುತ್ತಿದ್ದೇನೆ ಅಂತ ನಾಯಕ ಹೇಳಿದರೆ ನಂಬಬೇಕು. ಹಿಂದೆ ಇರುವುದು ಬಿಳಿ ಗೋಡೆ, 'ಪ್ರಯಾಣಿಕರ ಗಮನಕ್ಕೆ' ಅನ್ನುವುದು ಡಬ್ಬಿಂಗ್ ಸ್ಟುಡಿಯೋದ್ದು. ಅವರ ಕಷ್ಟವೂ ನಿಜ ಬಿಡಿ. ಆರ್.ಆರ್. ನಗರದಿಂದ ದೇವನಹಳ್ಳಿಗೆ ಇಡೀ ಯೂನಿಟ್ ಹೊರಟರೆ ಈ ಟ್ರಾಫಿಕ್‌ನಲ್ಲಿ ತಲುಪುವಷ್ಟರಲ್ಲಿ ಪಾತ್ರದ ವಯಸ್ಸೇ ಬದಲಾಗಿರುತ್ತದೆ.

ಇನ್ನು ಮುಖಗಳ ಲೆಕ್ಕ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಕತೆಗೆ ಉಳಿಯುವುದು 22 ನಿಮಿಷದ ಆಸುಪಾಸು. 'ಈ ಮಗು ನಿಮ್ಮದಲ್ಲ' ಅಂತ ಒಬ್ಬರು ಹೇಳಿದರು ಅನ್ನಿ. ಮನೆಯಲ್ಲಿ ಎಂಟು ಜನ ನಿಂತಿದ್ದಾರೆ. ಮುಖಕ್ಕೆ ಐದು ಸೆಕೆಂಡು, ಮೂರು ಸುತ್ತು, ಗುಡುಗಿನ ಸದ್ದು ಸೇರಿಸಿ. ಎರಡು ನಿಮಿಷ ಸಂದಿತು. ಮೂರೇ ಪದಕ್ಕೆ! ಶುರುವಿನಲ್ಲಿ ನಿನ್ನೆಯದು ಎರಡು ನಿಮಿಷ, ಕೊನೆಯಲ್ಲಿ ನಾಳೆಯದು ಅರ್ಧ ನಿಮಿಷ, ನಡುವೆ ಫ್ಲ್ಯಾಶ್‌ಬ್ಯಾಕ್. ಫ್ಲ್ಯಾಶ್‌ಬ್ಯಾಕ್ ಅಂದರೆ ಆರು ತಿಂಗಳ ಹಿಂದೆ ಶೂಟ್ ಮಾಡಿದ್ದನ್ನೇ ಕಪ್ಪು ಬಿಳುಪು ಮಾಡಿ ಮತ್ತೆ ಹಾಕುವುದು. ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಅಂತ ಬಡಿಸಿದ ಹಾಗೆ. ನಾವು ಎರಡನ್ನೂ ಚಪ್ಪರಿಸುತ್ತೇವೆ, ಅಲ್ವಾ?

ಮೇಲುದುಡ್ಡು ಒಂದು ಕಡೆಯಿಂದ ಬರುತ್ತದೆ. ಬ್ರ್ಯಾಂಡ್ ಇಂಟಿಗ್ರೇಷನ್. ಕತೆಯ ಒಳಗೇ ಜಾಹೀರಾತು. ಇದರಿಂದ ಏನಾಗಬಹುದು ನೋಡಿ. ಖಳನಾಯಕಿ ಪಾಯಸಕ್ಕೆ ವಿಷ ಹಾಕಿದ್ದಾಳೆ. ಪಾತ್ರೆಯ ತಳದಲ್ಲಿ ಉಳಿದ ಪಾಯಸವೇ ಸಾಕ್ಷಿ. ಅವಳು ಪಾತ್ರೆ ತೊಳೆದುಬಿಡುತ್ತಾಳೆ ಅಂತ ರೈಟರ್ ಬರೆದಿದ್ದರು. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಕಂಪನಿಯವರು ಒಪ್ಪಲಿಲ್ಲ. ನಮ್ಮ ಬಾಟಲಿ ಕೆಟ್ಟವರ ಕೈಯಲ್ಲಿ ಕಾಣಬಾರದು ಅಂದರು. ಹಾಗಾಗಿ ನಾಯಕಿಯೇ, 'ಒಂದೇ ಹನಿ ಸಾಕು ಅತ್ತಿಗೆ' ಅಂತ ನಗುತ್ತಾ ತನ್ನ ಕೈಯಾರೆ ಸಾಕ್ಷಿ ತೊಳೆದಳು. ಕ್ಲೋಸಪ್‌ನಲ್ಲಿ ಪಾತ್ರೆ ಫಳಫಳ. ಮೂರು ತಿಂಗಳು ಜೈಲು. ಜೈಲು ಎಲ್ಲಿ ಅಂತ ನಿಮಗೆ ಗೊತ್ತೇ ಇದೆ, ಆ ಹಿಂದಿನ ಕೋಣೆ.

ದುಡ್ಡು ಯಾಕೆ ಕಡಿಮೆಯಾಯಿತು ಅನ್ನುವುದರಲ್ಲಿ ಗುಟ್ಟೇನಿಲ್ಲ. ಜಾಹೀರಾತು ಕೊಡುವವರು ಮೊಬೈಲಿನ ಕಡೆ ಹೋದರು, ಬೇಸಿಗೆ ಬಂದರೆ ಕ್ರಿಕೆಟ್ ಕಡೆ ಹೋದರು. ಉಳಿದದ್ದನ್ನು ಚಾನೆಲ್ಲುಗಳು ಸಂಜೆಯ ಸ್ಲಾಟಿಗೆ ಇಟ್ಟುಕೊಂಡವು. ಮಧ್ಯಾಹ್ನಕ್ಕೆ ಸಿಕ್ಕಿದ್ದು ಸಂಜೆ ಉಂಡು ಮಿಕ್ಕಿದ್ದು.

ಇದು ಕನ್ನಡದ ಬಡತನ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮಧ್ಯಾಹ್ನದ ಧಾರಾವಾಹಿಯ ತವರಾದ ಅಮೆರಿಕದಲ್ಲೂ ಇದೇ ಆಯಿತು. 'ಗೈಡಿಂಗ್ ಲೈಟ್' ಅಂತ ಒಂದಿತ್ತು. 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ 1952ರಲ್ಲಿ ಟೀವಿಗೆ ಬಂತು. ಅದರ ಹಿಂದೆ ಇದ್ದದ್ದು ಸೋಪು ಮಾರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್. ಖರ್ಚು ತಾಳಲಾರದೆ 2008ರಲ್ಲಿ ದೊಡ್ಡ ಕ್ಯಾಮೆರಾ ಬಿಟ್ಟು ಕೈಯಲ್ಲಿ ಹಿಡಿಯುವ ಚಿಕ್ಕ ಡಿಜಿಟಲ್ ಕ್ಯಾಮೆರಾ ಹಿಡಿದರು. ನ್ಯೂಜೆರ್ಸಿಯ ಪೀಪ್ಯಾಕ್ ಅನ್ನುವ ಊರಲ್ಲಿ ಹೊರಾಂಗಣ ಚಿತ್ರೀಕರಣ ಮಾಡಿದರು. ಆದರೂ 2009ರ ಸೆಪ್ಟೆಂಬರ್‌ನಲ್ಲಿ ಕತೆ ಮುಗಿಯಿತು. ಮುಂದಿನ ವರ್ಷ ಅದೇ ಕಂಪನಿಯ ಇನ್ನೊಂದು ಧಾರಾವಾಹಿಯೂ ನಿಂತಿತು. ಇಂಥ ಧಾರಾವಾಹಿಗೆ ಇಂಗ್ಲಿಷಿನಲ್ಲಿ ಸೋಪ್ ಅಂತಲೇ ಹೆಸರು. ಸೋಪ್ ಕಂಪನಿಯೇ ಸೋಪ್ ಧಾರಾವಾಹಿಯಿಂದ ಕೈ ತೊಳೆದುಕೊಂಡಿತು. ಆಮೇಲೆ 2025ರಲ್ಲಿ ಹೊಸದೊಂದಕ್ಕೆ ಮತ್ತೆ ಕೈ ಜೋಡಿಸಿತು. ಬೆಟ್ಟದಿಂದ ಬಿದ್ದು ಸತ್ತವರು ಹದಿನೈದು ವರ್ಷ ಆದಮೇಲೆ ವಾಪಸ್ ಬರುವುದು ಅಲ್ಲೂ ಇದೆ ಅಂತ ಗೊತ್ತಾಗಿ ಸಮಾಧಾನವಾಯಿತು.

ನಮ್ಮವರು ಚಾಣಾಕ್ಷತನದಲ್ಲಿ ಅವರಿಗಿಂತ ಒಂದು ಕೈ ಮುಂದೆ. ಮಹಾಸಂಗಮ ಅಂತ ಕಂಡುಹಿಡಿದಿದ್ದಾರಲ್ಲ, ಅದನ್ನು ಅರ್ಥಶಾಸ್ತ್ರದ ಪಾಠಕ್ಕೆ ಇಡಬೇಕು. ಎರಡು ಧಾರಾವಾಹಿಯ ಮನೆಯವರು ಒಂದೇ ಮದುವೆಗೆ ಬರುತ್ತಾರೆ. ಒಂದು ಛತ್ರ, ಒಂದು ಜನರೇಟರ್, ಒಂದು ಊಟದ ಬಿಲ್ಲು. ಪ್ರಸಾರ ಮಾತ್ರ ಒಂದು ಗಂಟೆ, ವಾರವಿಡೀ. 2021ರ ಲಾಕ್‌ಡೌನ್‌ನಲ್ಲಿ ಇಲ್ಲಿ ಶೂಟಿಂಗ್ ನಿಂತಾಗ ಎಷ್ಟೋ ಧಾರಾವಾಹಿಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಗಂಟುಮೂಟೆ ಕಟ್ಟಿದವು. ಮನೆ ಬದಲಾಯಿತು, ಅತ್ತೆ ಬದಲಾಗಲಿಲ್ಲ. ಅದಕ್ಕೂ ಹಿಂದಿನ ವರ್ಷ ಬೇರೆ ಭಾಷೆಯ ಧಾರಾವಾಹಿಗಳ ಡಬ್ಬಿಂಗ್‌ಗೆ ಬಾಗಿಲು ತೆರೆದಿತ್ತು. ಡಬ್ಬಿಂಗ್‌ನಲ್ಲಿ ಇನ್ನೂ ಉಳಿತಾಯ. ಇಡೀ ಕುಟುಂಬವನ್ನೇ ಬೇರೆಯವರು ಸಾಕಿರುತ್ತಾರೆ, ನಾವು ಬಾಯಿ ಮಾತ್ರ ಕೊಡಬೇಕು.

ಬಡತನಕ್ಕೆ ನಾನು ತಕರಾರು ಎತ್ತುತ್ತಿಲ್ಲ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟು ಸೀನುಗಳನ್ನು ನೆನಪು ಮಾಡಿಕೊಳ್ಳಿ. ಒಂದು ಕೋಣೆ, ಒಂದು ಕಟಕಟೆ, ಇಬ್ಬರು ವಕೀಲರು, ಒಬ್ಬರು ಜಡ್ಜು. ಖರ್ಚಿನ ಲೆಕ್ಕದಲ್ಲಿ ಈಗಿನ ಹಿಂದಿನ ಕೋಣೆಗಿಂತ ತುಂಬಾ ಜಾಸ್ತಿ ಏನಿರಲಿಲ್ಲ. ಆದರೆ ಸಾಕ್ಷಿ ಬಾಯಿ ಬಿಡುವ ತನಕ ನಾವು ಉಸಿರು ಹಿಡಿದು ಕೂರುತ್ತಿದ್ದೆವು. ಯಾರೋ ಕೂತು, ಯೋಚನೆ ಮಾಡಿ, ಹೊಡೆದು ಹಾಕಿ, ಮತ್ತೆ ಬರೆದಿದ್ದರು. ಈಗ ಮೊದಲು ಕತ್ತರಿ ಬಿದ್ದಿರುವುದು ಆ ಸಮಯಕ್ಕೆ. ಸೀನು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಬರುತ್ತದೆ. ಬೆಳಗ್ಗೆ ನಟಿ ಓದುವಷ್ಟರಲ್ಲಿ ಲೈಟ್ ರೆಡಿ. ಕ್ಯಾಮೆರಾ ಪಕ್ಕ ನಿಂತ ಅಸಿಸ್ಟೆಂಟು ಪ್ರಾಂಪ್ಟ್ ಮಾಡುತ್ತಾನೆ, ಅವರು ತಿರುಗಿ ಹೇಳುತ್ತಾರೆ. ಮಾತಿನ ಮುಂಚೆ ಅತ್ತೆ ಎರಡು ಸೆಕೆಂಡು ಎಲ್ಲೋ ನೋಡುತ್ತಾರಲ್ಲ, ಏನೋ ಸಂಚು ಹೂಡುತ್ತಿದ್ದಾರೆ ಅಂತ ನಮಗೆ ಅನಿಸುತ್ತದೆ. ಅಸಿಸ್ಟೆಂಟ್ ಏನು ಹೇಳಿದ ಅಂತ ಕೇಳಿಸಿಕೊಳ್ಳುತ್ತಿರುತ್ತಾರೆ ಅಷ್ಟೇ.

ಇಷ್ಟಾದರೂ ಪ್ರೊಮೋ ಮಾತ್ರ ಚಿಕ್ಕಮಗಳೂರಿನ ಬೆಟ್ಟದಲ್ಲೇ ಆಗಬೇಕು. ಮಂಜು, ಡ್ರೋನ್, ಕೆಂಪು ಸೀರೆ ಗಾಳಿಯಲ್ಲಿ ಹಾರಬೇಕು. ಆ 30 ಸೆಕೆಂಡಿಗೆ ಸುರಿದ ದುಡ್ಡನ್ನು ಮುಂದಿನ 800 ಎಪಿಸೋಡು ತೀರಿಸುತ್ತಿರುತ್ತವೆ. ನಾಯಕಿ ಮತ್ತೆ ಬೆಟ್ಟ ನೋಡುವುದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ.

ಮೊನ್ನೆ ಗುರುವಾರದ ಟಿಆರ್‌ಪಿ ಬಂದ ಮೇಲೆ ಆ ಡಿಸ್ಕಷನ್ ಕೋಣೆಯಲ್ಲಿ ಏನು ನಡೆದಿರಬಹುದು ಅಂತ ಹೇಳಿ ನಿಲ್ಲಿಸುತ್ತೇನೆ. ಕೋಮಾ ವಾರಕ್ಕೆ ನಂಬರ್ ಮೇಲೆ ಹೋಗಿದೆ. ಯಜಮಾನರು ಸದ್ಯಕ್ಕೆ ಏಳುವ ಹಾಗಿಲ್ಲ. ಜನ ಇಷ್ಟ ಪಟ್ಟಿದ್ದಾರೆ, ಸೊಸೆಯನ್ನೂ ಕೋಮಾಗೆ ಹಾಕಿ ಅಂತ ಚಾನೆಲ್ಲಿನಿಂದ ಫೋನ್ ಬಂದಿದೆ.

'ಸಾರ್, ಬೆಡ್ ಒಂದೇ ಇದೆ' ಅಂದರು ರೈಟರ್.

'ಅದಕ್ಕೇನೀಗ? ಮಾವನ್ನ ಬೆಳಗ್ಗೆ ತಗೊಳ್ಳಿ, ಸೊಸೇನ ಮಧ್ಯಾಹ್ನ ತಗೊಳ್ಳಿ. ಕಂಬಳಿ ಮಾತ್ರ ಬದಲಾಯಿಸ್ಬೇಡಿ, ಬಾಡಿಗೇದು.'