ನದಿಯ ಹಳೇ ಜಾಡು ವಾಪಸ್ ತರ್ಬೇಕಾ? ಪರ-ವಿರೋಧ

ಪರ

ನೇರ ಮಾಡಿದ ನದಿ ನದಿಯಲ್ಲ, ಚರಂಡಿ. ಎಷ್ಟು ಸಲ ಹೇಳಿದ್ರೂ ಸಾಲದು ಇದನ್ನ. ಫ್ಲೋರಿಡಾದ ಕಿಸಿಮಿ ನದಿ ತಗೊಳ್ಳಿ, ಸುಮಾರು 166 ಕಿ.ಮೀ. ಅಂಕುಡೊಂಕಾಗಿ ಹರೀತಿತ್ತು, ಪ್ರವಾಹ ತಡೀತೀವಿ ಅಂತ 1962ರಿಂದ 1971ರೊಳಗೆ ಸೇನೆಯ ಎಂಜಿನಿಯರ್‌ಗಳು ಅಗೆದು ಅಗೆದು 90 ಕಿ.ಮೀ. ಕಾಲುವೆ ಮಾಡಿಟ್ರು, ಹೆಸರು ಸಿ-38 ಅಂತೆ, ನದಿಗಿಡೋ ಹೆಸರಾ ಅದು! ಅಕ್ಕಪಕ್ಕದ ಜೌಗೆಲ್ಲ ಒಣಗ್ತು, ಚಳಿಗಾಲಕ್ಕೆ ಬರ್ತಿದ್ದ ಬಾತುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಕಾಣೆ. ಕೊನೆಗೆ 1999ರಿಂದ ಅದೇ ಕಾಲುವೆಗೆ ಮಣ್ಣು ತುಂಬೋಕೆ ಶುರು ಮಾಡಿ 2021ಕ್ಕೆ ಮುಗಿಸಿದ್ರು, ಸುಮಾರು 70 ಕಿ.ಮೀ. ಹಳೇ ಜಾಡಲ್ಲಿ ಈಗ ನೀರು ಹರೀತಿದೆ, ಹಕ್ಕಿಗಳೂ ಬಂದಿವೆ.

ರೈನ್ ನದಿದೂ ಇದೇ ಕಥೆ. 1817ರಲ್ಲಿ ಟುಲ್ಲಾ ಅನ್ನೋ ಎಂಜಿನಿಯರ್ ಶುರು ಮಾಡಿದ ಕೆಲಸದಿಂದ ಬಾಸೆಲ್-ವರ್ಮ್ಸ್ ಊರುಗಳ ಮಧ್ಯೆ ನದಿಯ ಉದ್ದ 81 ಕಿ.ಮೀ. ಕಮ್ಮಿಯಾಯ್ತು. ನೀರಿನ ಓಟ ಜೋರಾಗಿ ತಳ ಕೊರೀತು, ಅಂತರ್ಜಲ ಇಳೀತು, ಮೇಲಿನೋರ ಪ್ರವಾಹ ಕೆಳಗಿನೋರ ಮನೆಗೆ ಪಾರ್ಸೆಲ್ ಹೋಯ್ತು.

ಹಳೇ ಜಾಡು ಸಿಗಲ್ಲ ಅನ್ನೋದು ಸುಳ್ಳು. ಮೇಲಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆಯೋ ಲೈಡಾರ್‌ನಲ್ಲಿ ನೋಡಿದ್ರೆ ಉತ್ತು ಉತ್ತು ಸಮ ಮಾಡಿದ ಹೊಲದಲ್ಲೂ ಒಂದಡಿ ತಗ್ಗಿನ ಬಾಗು ಎದ್ದು ಕಾಣುತ್ತೆ. ಅಲ್ಲಿ ಕೊಳವೆ ಇಳಿಸಿ ಮಣ್ಣು ತೆಗೀರಿ, ಮೇಲೆ ಕಪ್ಪು ಜೇಡಿ, ಕೆಳಗೆ ಮರಳು, ಇನ್ನೂ ಕೆಳಗೆ ಉರುಟು ಕಲ್ಲು. ನದಿ ಇಲ್ಲೇ ಇತ್ತು ಅಂತ ಇನ್ನೇನು ಸಾಕ್ಷಿ ಬೇಕು?

ಯಾವ ಇಸವಿಯ ನದಿ ಬೇಕು ಅಂತ ಕೇಳೋರಿದಾರೆ. ಕೆಲಸ ಮಾಡೋಕೆ ಮನಸಿಲ್ಲದೋರ ಪ್ರಶ್ನೆ ಅದು, ಬಿಡಿ. ನೇರ ಮಾಡಿದ್ದು ಚರಂಡಿ, ಅಷ್ಟೇ.

ವಿರೋಧ

ಈ ಕಡೆ ನೀವು ಬರೀರಿ ಅಂದ್ರು, ಬರೀತಿದೀನಿ. ಕಿಸಿಮಿ ಬಗ್ಗೆ ನಂದೇನೂ ತಕರಾರಿಲ್ಲ, ಹಳೇ ತಿರುವುಗಳು ಅಲ್ಲೇ ಪಕ್ಕದಲ್ಲಿದ್ವು, ಜಮೀನನ್ನ ದುಡ್ಡು ಕೊಟ್ಟು ಕೊಂಡ್ರು. ಎಲ್ಲಾ ಕಡೆ ಹಾಗಿರಲ್ಲ.

1944ರಲ್ಲಿ ಹೆರಾಲ್ಡ್ ಫಿಸ್ಕ್ ಅನ್ನೋ ಭೂವಿಜ್ಞಾನಿ ಅಮೆರಿಕದ ಮಿಸಿಸಿಪ್ಪಿ ನದಿಯ ಹಳೇ ಜಾಡುಗಳ ನಕ್ಷೆ ಮಾಡಿದ್ರು, ಒಂದೊಂದು ಕಾಲದ ಜಾಡಿಗೆ ಒಂದೊಂದು ಬಣ್ಣ, ಒಂದರ ಮೇಲೊಂದು ಹೊರಳಾಡ್ತಿವೆ. ಯಾವ ಬಣ್ಣ ಆರಿಸ್ತೀರ? ಅಮೆರಿಕದ ಪೂರ್ವಭಾಗದಲ್ಲಿ ಇನ್ನೂ ಮಜಾ, ಸಹಜ ಅಂದ್ಕೊಂಡಿದ್ದ ಎಷ್ಟೋ ಬಳುಕು ತೊರೆಗಳು ಗಿರಣಿ ಓಡ್ಸೋಕೆ ಕಟ್ಟಿದ್ದ ಹಳೇ ಅಣೆಕಟ್ಟೆಗಳ ಹಿಂದೆ ತುಂಬಿದ ಹೂಳನ್ನ ಕೊರ್ಕೊಂಡು ಆದವು ಅಂತ 2008ರಲ್ಲಿ ವಾಲ್ಟರ್ ಮತ್ತು ಮೆರಿಟ್ಸ್ ಅನ್ನೋ ಭೂವಿಜ್ಞಾನಿಗಳು ತೋರಿಸಿದ್ರು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಜೌಗಿನಲ್ಲಿ ಹರಡ್ಕೊಂಡ ಸಣ್ಣ ಸಣ್ಣ ಕವಲುಗಳು.

ನಮ್ಮ ದೊಡ್ಡಪ್ಪನ ಜಮೀನು ಹೊಳೆ ದಂಡೇಲಿತ್ತು. ಒಂದು ನಕ್ಷೇಲಿ ಹೊಳೆ ಜಮೀನಿನ ಆಚೆ, ಇನ್ನೊಂದರಲ್ಲಿ ಮಧ್ಯಕ್ಕೇ ಬಂದಿದೆ, ಎರಡಕ್ಕೂ ಸೀಲಿದೆ. ಒಂದು ಮಳೆಗಾಲ ದಂಡೆ ಕುಸಿದು ಬಾಂದುಕಲ್ಲು ನೀರೊಳಗೆ ಹೋಯ್ತು, ಎದುರು ದಂಡೇಲಿ ಹೊಸ ಮರಳುದಿಣ್ಣೆ ಎದ್ದಿತ್ತು, ಆ ಕಡೆಯೋರು ನಮ್ದೇ ಅಂತ ಉಳೋಕೇ ಶುರು. ದೊಡ್ಡಪ್ಪ ಕೋರ್ಟಿಗೆ ಅಲೆದೂ ಅಲೆದೂ ಸಾಕಾಗಿ ಉಳಿದಿದ್ದನ್ನ ಮಾರಿಬಿಟ್ರು. ಅಂಥೋರಿಗೆ ಯಾವ ನಕ್ಷೆ ನೋಡಿ ಪರಿಹಾರ ಕೊಡ್ತೀರ ಅಂತ ಲೈಡಾರ್ ಹೇಳಲ್ಲ.

ನದಿಗೆ ಜಾಗ ಬಿಡಿ ಅಷ್ಟೇ ಅಂದ್ರೆ ನಾನೂ ಒಪ್ತೀನಿ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ವಾಲ್ ನದಿಯ ಪ್ರವಾಹ ತಡೆಯೋ ಏರಿಯನ್ನ 350 ಮೀಟರ್ ಹಿಂದಕ್ಕೆ ಸರಿಸಿದ್ರು, ಹಳೇ ತಿರುವು ಹುಡುಕ್ತಾ ಕೂರ್ಲಿಲ್ಲ. ಅಲ್ಲೂ ಮಧ್ಯದಲ್ಲಿದ್ದ ಮನೆಗಳು ಹೋದ್ವು, ಅದನ್ನ ಮಾತ್ರ ಯಾರೂ ಬರೆಯಲ್ಲ.